ತಿದ್ದಿದ ತಾರೀಖು

ಹಳೆಯ ಹಸ್ತಪ್ರತಿಗಳಲ್ಲಿ ಪಾಠಭೇದ ಕಂಡಲ್ಲಿ ಒಂದನ್ನು ಶುದ್ಧಪಾಠವೆಂದು ನಿರ್ಣಯಿಸುವುದೇ ನನ್ನ ನಲವತ್ತು ವರ್ಷಗಳ ಕಾಯಕ. ಆ ಅಭ್ಯಾಸವೇ ತಂಗಿಯ ಮಗಳಿಗೆ ಮುಳುವಾಯಿತು.

ಅವಳು ದುಡಿಯಲೆಂದು ನಾನಿರುವ ಈ ದೇಶಕ್ಕೆ ಬಂದು ಮೂರು ವರ್ಷವಾಗಿತ್ತು. ಊರಲ್ಲಿ ತನ್ನ ಅತ್ತೆಯ ಬಳಿ ಬಿಟ್ಟುಬಂದ ಆರು ವರ್ಷದ ಮಗಳನ್ನು ಕರೆಸಿಕೊಳ್ಳಲು ವೀಸಾ ಅರ್ಜಿ ಹಾಕಬೇಕಿತ್ತು. ಆಸ್ಪತ್ರೆಯ ಪತ್ರದಲ್ಲಿ ಮಗು ಹುಟ್ಟಿದ್ದು ಒಂಬತ್ತನೇ ತಾರೀಖು. ಶಾಲೆಯ ಪತ್ರದಲ್ಲಿ ಹತ್ತೊಂಬತ್ತು.

"ಮಾವ, ಸರ್ಕಾರದಲ್ಲಿ ನೋಂದಣಿ ಆಗಿರೋ ವಲಸೆ ಸಲಹೆಗಾರರು ಇದ್ದಾರಂತೆ. ಅವರನ್ನ ಕೇಳ್ಲಾ?"

"ಮನೇಲೇ ಪಂಡಿತ ಕೂತಿರೋವಾಗ ಬೀದಿ ಸುತ್ತೋದ್ಯಾಕೆ?"

"ನಿಮ್ಮ ಪಾಂಡಿತ್ಯಕ್ಕೆ ನೋಂದಣಿ ಸಂಖ್ಯೆ ಇದ್ಯಾ?" ಎಂದು ನಕ್ಕಳು. ನಾನು ಮುಖ ಊದಿಸಿಕೊಂಡೆ. ಅವಳು ಕಾಗದಗಳನ್ನು ನನ್ನ ಮುಂದಿಟ್ಟಳು.

ಆಸ್ಪತ್ರೆಯ ಗುಮಾಸ್ತ ಒಂದಂಕಿ ನುಂಗಿರಬೇಕೆಂದು ನಿರ್ಣಯಿಸಿ ಹತ್ತೊಂಬತ್ತೆಂದು ಬರೆದೆ. ಆಸ್ಪತ್ರೆಯ ಪತ್ರವನ್ನು ಲಗತ್ತಿಸಲೇ ಇಲ್ಲ. ವೀಸಾ ಕಚೇರಿ ಆಸ್ಪತ್ರೆಯನ್ನೇ ವಿಚಾರಿಸಿತು. ಸಂಗತಿ ಮರೆಮಾಚಲಾಗಿದೆಯೆಂದು ಅರ್ಜಿಯನ್ನು ತಿರಸ್ಕರಿಸಿತು.

ಆಮೇಲೆ ಸಲಹೆಗಾರ್ತಿಯ ಬಳಿಗೆ ಹೋದೆವು. ಅವರ ನೋಂದಣಿ ಪತ್ರ ಬಾಗಿಲ ಪಕ್ಕದಲ್ಲೇ ತೂಗುತ್ತಿತ್ತು.

"ಎರಡೂ ಪತ್ರ ಇದ್ದ ಹಾಗೇ ಇಟ್ಟು, ವ್ಯತ್ಯಾಸ ಯಾಕೆ ಅಂತ ನಾಲ್ಕು ಸಾಲು ಬರೆದಿದ್ರೆ ಸಾಕಿತ್ತು. ಅರ್ಜಿ ತುಂಬಿದ್ದು ಯಾರು?"

"ನಾನೇ," ಎಂದಳು ಅವಳು, ನನ್ನತ್ತ ನೋಡದೆ.

"ಹಾಗಾದ್ರೆ ಮರೆಮಾಚಿದ್ದೂ ನೀವೇ ಅಂತಾಗುತ್ತೆ. ನೋಂದಣಿ ಇಲ್ಲದವರು ಯಾರಾದ್ರೂ ಸಲಹೆ ಕೊಟ್ಟಿದ್ರೆ ಹೇಳಿ. ಸಲಹೆಗಾರರ ನಿಯಂತ್ರಣ ಕಚೇರಿಗೆ ದೂರು ಕೊಟ್ಟು, ಅದರ ಪ್ರತಿ ಇಟ್ಟು ಮರುಪರಿಶೀಲನೆ ಕೇಳಬಹುದು. ಅಂಥವರಿಂದ ಜನರನ್ನ ಕಾಪಾಡೋಕೇ ಆ ಕಚೇರಿ ಇರೋದು."

"ಯಾರೂ ಇಲ್ಲ."

ನಾನೂ ಬಾಯಿ ಬಿಡಲಿಲ್ಲ. ಇಂದಿಗೂ ದೇವರ ಮುಂದೆ ಕುಳಿತಾಗ ಆ ಮೌನವೇ ನನ್ನನ್ನು ಚುಚ್ಚುತ್ತದೆ.

ಮರುದಿನ ಬೆಳಿಗ್ಗೆ ಒಬ್ಬನೇ ನಿಯಂತ್ರಣ ಕಚೇರಿಗೆ ಹೋದೆ.

"ಯಾರ ಮೇಲೆ ದೂರು, ತಾತ?" ಎಂದ ಗುಮಾಸ್ತ.

"ನನ್ನ ಮೇಲೇ."

ಅವನು ಕನ್ನಡಕ ತೆಗೆದು ನನ್ನನ್ನು ನೋಡಿದ. "ಕೇಸ್ ಆಗಬಹುದು. ಮನೇಲಿ ಹೇಳಿ ಬಂದಿದ್ದೀರಾ?"

"ಹೇಳಿದ್ರೆ ಬಿಡ್ತಿರಲಿಲ್ಲ. ಫಾರಂ ಕೊಡಪ್ಪ."

ಈ ಸಲ ಎರಡೂ ತಾರೀಖುಗಳನ್ನು ಬರೆದೆ. ಯಾವುದು ಸರಿಯೆಂದು ಹೇಳುವ ಗೋಜಿಗೆ ಹೋಗಲಿಲ್ಲ.

ಸಂಜೆ ಮೊಹರು ಬಿದ್ದ ಪ್ರತಿಯನ್ನು ಅವಳ ಕೈಗಿತ್ತೆ. ಅವಳು ಓದಿ, ಬಹಳ ಹೊತ್ತು ಮಡಿಸುತ್ತಲೇ ಇದ್ದಳು.

"ಮರುಪರಿಶೀಲನೆಗೆ ಒಂದು ವರ್ಷ ಹಿಡಿಯುತ್ತಂತೆ, ಮಾವ."

ಅಷ್ಟರಲ್ಲಿ ಫೋನು ಬಂತು. ಪರದೆಯಲ್ಲಿ ಮಗು ಬಾಯಗಲಿಸಿ, ಆ ದಿನ ಬಿದ್ದ ಮೊದಲ ಹಲ್ಲಿನ ಜಾಗವನ್ನು ತಾಯಿಗೆ ತೋರಿಸುತ್ತಿತ್ತು.