ಅರ್ಧ ಬಲ

ನಾನು ಎಂಟನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವನು. ಆದರೂ ಮನುಷ್ಯರ ನಡವಳಿಕೆಯ ಮೇಲೆ ಸಂಶೋಧನೆ ಮಾಡುವ ಪ್ರೊಫೆಸರ್ ಮೇಡಂ ಹತ್ತಿರ ಎರಡು ವರ್ಷದಿಂದ ಕೆಲಸಕ್ಕಿದ್ದೇನೆ. ಕಿಟಕಿಯಿಲ್ಲದ ಕೋಣೆ, ಒಂದು ಕುರ್ಚಿ, ಹೆಡ್‌ಫೋನ್, ತಂತಿ ಸಿಕ್ಕಿಸಿದ ಒಂದು ಹಿಡಿಕೆ. ಬಂದವರು ಹಿಡಿಕೆಯನ್ನು ಮೊದಲು ಪೂರ್ತಿ ಬಲದಿಂದ ಒತ್ತಬೇಕು, ಆಮೇಲೆ ಅರ್ಧ ಬಲದಿಂದ. ಅರ್ಧ ಬಲ ಕೈಗೆ ರೂಢಿಯಾದ ಮೇಲೆ ನಾನು ಕೂಸಿನ ಅಳು ಹಾಕುತ್ತೇನೆ. ಅಳು ಕೇಳುತ್ತಿದ್ದರೂ ಕೈ ಅರ್ಧ ಬಲದಲ್ಲೇ ನಿಲ್ಲಬೇಕು. ಕೆಲವರದು ನಿಲ್ಲುವುದಿಲ್ಲ. ಮಗುವಿನ ಅಳು ಲಕ್ಷಾಂತರ ವರ್ಷಗಳಲ್ಲಿ ದೊಡ್ಡವರ ಮೈಯೊಳಗೆ ಏನು ಬಿತ್ತಿದೆ, ಅದು ಯಾರಲ್ಲಿ ಮರುಕವಾಗುತ್ತದೆ, ಯಾರಲ್ಲಿ ಸಿಟ್ಟಾಗುತ್ತದೆ ಎಂಬುದು ಮೇಡಂ ಬರೆಯುತ್ತಿರುವ ಪುಸ್ತಕ.

ಹೆಂಡತಿಯ ಮೊದಲ ಮದುವೆಯ ಮಗುವನ್ನು ಸಾಕುವ ಗಂಡಸರು ಬೇಕು ಎಂದು ಮೇಡಂ ಪೇಪರಿಗೆ ಹಾಕಿದ್ದರು. ಗುರುವಾರ ನಮ್ಮ ಭಾವನೇ ಬಂದ. ಅಕ್ಕನ ಎರಡನೇ ಗಂಡ, ಮದುವೆಯಾಗಿ ಎರಡು ತಿಂಗಳು. ಮೊದಲ ಗಂಡನಿಂದ ಹುಟ್ಟಿದ ಪುಟ್ಟಿಗೆ ಮೂರು ವರ್ಷ. ಸೋಮವಾರದಿಂದ ಅಕ್ಕನಿಗೆ ಬಟ್ಟೆ ಕಾರ್ಖಾನೆಯಲ್ಲಿ ಮಧ್ಯಾಹ್ನದ ಪಾಳಿ. ಮನೆಯಲ್ಲಿ ಪುಟ್ಟಿ ಮತ್ತು ಭಾವ ಇಬ್ಬರೇ.

“ಏನಪ್ಪಾ ವಿಜ್ಞಾನಿ, ಕರೆಂಟ್ ಗಿರೆಂಟ್ ಹೊಡೆಸಲ್ಲ ತಾನೆ?” ಎಂದು ನಗುತ್ತಾ ಕೂತ.

ಅಳು ಶುರುವಾಯಿತು. ಪರದೆಯ ಮೇಲೆ ಕೈಬಲ ತೋರಿಸುವ ಗೆರೆ ಅರ್ಧ ದಾಟಿತು, ಮುಕ್ಕಾಲು ದಾಟಿತು, ಮೂರು ನಿಮಿಷವೂ ಕೆಳಗಿಳಿಯಲಿಲ್ಲ. ಮುಖದಲ್ಲಿ ಮಾತ್ರ ಆ ನಗು ಹಾಗೇ ಇತ್ತು. ಎದ್ದು ಹೋಗುವಾಗ, “ಅದರ ಬಾಯಿ ಮುಚ್ಚಿಸೋರು ಯಾರೂ ಇರ್ಲಿಲ್ವಾ?” ಎಂದ.

ಗೆರೆಯ ಹಾಳೆ ಹಿಡಿದು ನೇರ ಮೇಡಂ ಕೋಣೆಗೆ ನುಗ್ಗಿದೆ.

“ಒಬ್ಬನ ಗೆರೆ ನೋಡಿ ಏನೂ ಹೇಳಕ್ಕಾಗಲ್ಲ,” ಎಂದರು ಮೇಡಂ, ಕನ್ನಡಕ ಒರೆಸುತ್ತಾ. “ನಾನೂರು ಜನರದ್ದು ಒಟ್ಟಿಗೆ ನೋಡಿದ್ರೆ ಏನಾದ್ರೂ ಅರ್ಥ.”

“ನಾನೂರು ಜನ ಬಂದು ನಮ್ಮ ಪುಟ್ಟಿನ ನೋಡ್ಕೊಳಲ್ಲ ಮೇಡಂ. ಇವನೊಬ್ಬನೇ. ನಿಮ್ಮ ಮೊಮ್ಮಗೂನ ಇವನ ಹತ್ರ ಬಿಡ್ತೀರಾ?”

ಮೇಡಂ ಮತ್ತೆ ಕನ್ನಡಕ ಒರೆಸಿದರು. ಓದಿದವರ ಹಣೆಬರಹವೇ ಇಷ್ಟು, ಮನೆಗೆ ಬೆಂಕಿ ಬಿದ್ದರೂ ಕೂತು ಸರಾಸರಿ ತೆಗೆಯುತ್ತಾರೆ. ಆಮೇಲೆ ಬೀರುವಿನಿಂದ ಹಳೇ ಫೈಲೊಂದನ್ನು ತಂದು ಬಿಚ್ಚಿದರು.

“ಯಂತ್ರ ಬಂದ ದಿನ ಸರಿ ಇದೆಯಾ ಅಂತ ಅಳು ಹಾಕಿ ನಿನ್ನ ಕೈಲೇ ಅರ್ಧ ಬಲ ಒತ್ತಿಸಿದ್ದೆ. ಇದು ನಿಂದು.”

ಗೆರೆ ಹಾಳೆಯ ಮೇಲಂಚಿಗೆ ತಾಗಿತ್ತು. ಭಾವನದಕ್ಕಿಂತ ಎರಡು ಬೆರಳು ಮೇಲೆ.

“ನಾನು ಯಾವ ಮಗೂಗೂ ಹೊಡೆದಿಲ್ಲ,” ಎಂದೆ.

“ಅವನೂ ಹೊಡೆದಿಲ್ಲ.” ಫೈಲ್ ಮುಚ್ಚಿದರು. “ಇನ್ನೂ.”

ಯಾರನ್ನು ಅಂದರೋ ಕೇಳುವ ಧೈರ್ಯವಾಗಲಿಲ್ಲ.

ನನ್ನದನ್ನು ನುಂಗಿಕೊಂಡು ಭಾವನದನ್ನಷ್ಟೇ ಅಕ್ಕನಿಗೆ ಹೇಳಿದೆ. ಅವಳು ಪುಟ್ಟಿಯ ಬಟ್ಟೆ ಮಡಚುತ್ತಿದ್ದಳು.

“ನಿಂಗೆ ಮೊದಲಿಂದ್ಲೂ ಅವರನ್ನ ಕಂಡ್ರೆ ಆಗಲ್ಲ ಕಣೋ.”

“ಆಗಲ್ಲ. ಅದು ಬೇರೆ. ಪುಟ್ಟಿನ ಮಾತ್ರ ಅವನ ಕೈಗೆ ಕೊಡಬೇಡ ಅಕ್ಕಾ.”

ಮಡಚಿದ ಅಂಗಿಯನ್ನು ಮತ್ತೆ ಬಿಚ್ಚಿದಳು. “ಕೆಲಸ ಬಿಡಕ್ಕಾಗಲ್ಲ. ಹಾಗಾದ್ರೆ ನಿಮ್ಮ ಮೇಡಂಗೆ ಹೇಳಿ ಮಧ್ಯಾಹ್ನ ನೀನೇ ಬಂದು ನೋಡ್ಕೊ. ನಿನ್ನ ಬಿಟ್ರೆ ಇನ್ಯಾರನ್ನ ನಂಬಲಿ?”

ಆಗಲ್ಲ ಎಂದರೆ ಕಾರಣ ಹೇಳಬೇಕಾಗುತ್ತಿತ್ತು. ಹೂಂ ಅಂದೆ.

ಸೋಮವಾರ ಎರಡು ಗಂಟೆಗೆ ಅಕ್ಕ ಹೊರಟಳು. ಭಾವ ಆಗಲೇ ಹೊರಗೆ ಹೋಗಿದ್ದ. ಅಕ್ಕನ ಚಪ್ಪಲಿ ಸದ್ದು ಮೆಟ್ಟಿಲಿಳಿದು ಬೀದಿ ಸೇರಿತು. ಪುಟ್ಟಿ ಮುಚ್ಚಿದ ಬಾಗಿಲು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಕೆಳದುಟಿ ಅದುರಿತು. ನಾನು ಎರಡೂ ಕೈಗಳನ್ನು ತೊಡೆಯಡಿ ಸಿಕ್ಕಿಸಿಕೊಂಡು ನೆಲದ ಮೇಲೆ ಕೂತೆ.

ಅಳು ಮೊದಲು ಸಣ್ಣಗೆ ಶುರುವಾಯಿತು.