ಪಾತಿಯ ಕೆಳಗೆ ಕಲ್ಯಾಣಮ್ಮ

ಕಲ್ಯಾಣಮ್ಮನವರ ಸ್ಕೂಟಿ ಖಾಲಿಯಾಗಿ ಮನೆಗೆ ಮರಳಿದ್ದನ್ನು ಬಸವೇಶ್ವರನಗರದ ಆ ಅಡ್ಡರಸ್ತೆಯಲ್ಲಿ ಕಂಡವರಿಲ್ಲ. ಕಾಲಿಡುವ ಜಾಗದಲ್ಲಿ ನಾಲ್ಕು ಇಟ್ಟಿಗೆಯೋ, ಕೆಡವಿದ ಮನೆಯೊಂದರ ಕಿಟಕಿಬಾಗಿಲೋ, ಎಳನೀರಿನವನು ಬಿಸಾಡಲಿದ್ದ ಬುರುಡೆಗಳ ಮೂಟೆಯೋ ಇರಲೇಬೇಕು; ಅದಕ್ಕೆ ಎಡೆ ಬಿಟ್ಟುಕೊಟ್ಟು, ಮೊಣಕಾಲುಗಳನ್ನು ಹೊರಚಾಚಿ ಗಾಡಿ ಓಡಿಸಿ ಓಡಿಸಿ, ನೆಲದ ಮೇಲೆ ನಡೆಯುವಾಗಲೂ ಆಕೆಯದು ಅದೇ ನಡಿಗೆಯಾಗಿಬಿಟ್ಟಿತ್ತು, ಕಣ್ಣಿಗೆ ಕಾಣದ ಮೂಟೆಯೊಂದನ್ನು ಕಾಲುಗಳ ನಡುವೆ ಇಟ್ಟುಕೊಂಡಂತೆ. ಗಾಳಿ ಎದೆಗೆ ಬಡಿಯದಿರಲೆಂದು ಜಾಕೆಟ್ಟನ್ನು ಹಿಂದುಮುಂದಾಗಿ ತೊಟ್ಟು ಗಾಡಿ ಓಡಿಸುವುದು ಈ ಊರಿನಲ್ಲಿ ಹೊಸದೇನಲ್ಲ. ಆದರೆ ಗಾಡಿಯಿಂದಿಳಿದು, ಹಾಗೆಯೇ ಸೊಪ್ಪು ಚೌಕಾಸಿ ಮಾಡಿ, ಬೆನ್ನ ಮೇಲೆ ಜಿಪ್ಪು ತೆರೆದುಕೊಂಡೇ ದೇವಸ್ಥಾನ ಹೊಕ್ಕು ಮಂಗಳಾರತಿ ತೆಗೆದುಕೊಂಡು ಬರುತ್ತಿದ್ದವರು ಇವರೊಬ್ಬರೇ.

ಮೊದಲ ಮಹಡಿಯ ಬಾಡಿಗೆ ಮನೆಯ ಕಿಟಕಿಯಿಂದ ಸೌಮ್ಯಶ್ರೀ ಈ ಮೆರವಣಿಗೆಯನ್ನು ಮೊದಮೊದಲು ನಗುತ್ತ ನೋಡಿದಳು, ಆಮೇಲೆ ಆತಂಕದಿಂದ. ಕೆಳಮನೆಯ ಒಡತಿ ತಂದದ್ದೆಲ್ಲ ಅವಳ ಬಾಗಿಲ ಮುಂದೆ ಹಾದು ತಾರಸಿ ಏರುತ್ತಿತ್ತು. ಆ ತಾರಸಿಯ ಅಡಿಯಲ್ಲೇ ಅವಳ ಪುಟ್ಟ ಮಗಳು ವಚನಾ ಮಲಗುವ ಕೋಣೆ. ಹೊಸಹಳ್ಳಿಯ ಹಿಂದಿನ ಮನೆಯಲ್ಲಿ ಗೋಡೆಗೆ ತೇವ ಹಿಡಿದು, ಕೂಸಿಗೆ ಉಬ್ಬಸ ಹತ್ತಿ, "ಇನ್ನೊಂದು ಮಳೆಗಾಲ ತೇವದಲ್ಲಿ ಇಡಬೇಡಿ" ಎಂದು ಡಾಕ್ಟರು ಹೇಳಿದ ಮೇಲೆ ಅಲೆದು ಅಲೆದು ಹಿಡಿದ ಒಣಗೋಡೆಯ ಮನೆ ಇದು.

"ಆಂಟಿ, ಮೇಲೆ ಏನ್ ಮಾಡ್ತಾ ಇದೀರ?"

"ಪಾತಿ ಕಣಮ್ಮ. ಮೆಂತ್ಯ, ದಂಟು, ಪಾಲಕ್. ಮುಗೀತು ಅಂತ್ಲೇ ಇಟ್ಕೊ."

ಯಾವ ಕೆಲಸವನ್ನೂ ಆರಂಭಿಸುವ ಮೊದಲೇ ಮುಗಿಯಿತೆಂದು ಸಾರುವುದು ಆಕೆಯ ಅಭ್ಯಾಸ. ಬರಿಯ ಹಲಗೆಗಳ ರಾಶಿಯ ಮುಂದೆ ನಿಂತು, ಆಗಲೇ ಸೊಪ್ಪು ಬಿಡಿಸುತ್ತಿರುವವರಂತೆ ಬೆರಳಾಡಿಸುವರು. ಕಾಸು ಬಿಚ್ಚದೆ ತೋಟ ಕಟ್ಟುವ ಆ ವಿದ್ಯೆಗೆ ಅದರದೇ ಒಂದು ಕ್ರಮವಿತ್ತು. ತಾರಸಿಗೆ ಗಾಳಿಯಾಡಲೆಂದು ಇಟ್ಟಿಗೆಯ ಗಿಡ್ಡ ಕಾಲುಗಳು, ಅವುಗಳ ಮೇಲೆ ಹಳೆಯ ಬಾಗಿಲು, ಸುತ್ತ ಕಿಟಕಿಹಲಗೆಯ ಚೌಕಟ್ಟು, ಒಳಗೆ ಯಾರೋ ಮುಖಂಡರ ಹುಟ್ಟುಹಬ್ಬಕ್ಕೆ ಶುಭ ಕೋರಿ ಹರಿದುಬಿದ್ದಿದ್ದ ಫ್ಲೆಕ್ಸಿನ ಹಾಸು. ಅದರ ಮೂಲೆಗೊಂದು ಪೈಪಿನ ತುಂಡು, ಹೆಚ್ಚಾದ ನೀರು ನೇರವಾಗಿ ಮಳೆನೀರಿನ ಕೊಳವೆ ಸೇರಲು. ತಳದಲ್ಲಿ ಹಗುರವಾದ ಎಳನೀರು ಬುರುಡೆ, ಮೇಲೆ ತರಗೆಲೆ, ಅಡುಗೆಮನೆಯ ಗೊಬ್ಬರ, ಕೆಮ್ಮಣ್ಣು.

"ಸಾಹೇಬ್ರ ಮುಖ ಮೇಲಕ್ಕಿರ್ಲಾ, ಕೆಳಕ್ಕಾ?" ಎಂದು ಫ್ಲೆಕ್ಸ್ ಹಾಸುತ್ತ ಕೇಳಿದವರು, ಉತ್ತರಕ್ಕೂ ಕಾಯದೆ, "ಮೇಲಕ್ಕೇ ಇರ್ಲಿ. ನಮ್ಮ ರಸ್ತೆ ಅಂತೂ ನೋಡ್ಲಿಲ್ಲ, ಬೇರನ್ನಾದ್ರೂ ನೋಡ್ಕೊಳ್ಲಿ" ಎಂದರು.

ಸೌಮ್ಯಶ್ರೀಗೆ ನಗು ಬರಲಿಲ್ಲ. "ಓನರ್ ಜೊತೆ ಜಗಳ ತೆಗೀಬೇಡ ಕಣೇ, ಇಂಥ ಮನೆ ಮತ್ತೆ ಸಿಗಲ್ಲ" ಎಂದು ಗಂಡ ಗಿರಿರಾಜ್ ಎಷ್ಟು ಹೇಳಿದರೂ, ಮಾಗಡಿ ರಸ್ತೆಯ ಕಡೆಯಿಂದ ಮುಂಗಾರಿನ ಮೋಡ ಕಟ್ಟಿಕೊಂಡ ಒಂದು ಮಧ್ಯಾಹ್ನ ತಡೆಯಲಾರದೆ, ಮಗುವನ್ನು ಸೊಂಟಕ್ಕೇರಿಸಿಕೊಂಡು ತಾರಸಿ ಹತ್ತಿದಳು.

"ಆಂಟಿ, ತಪ್ಪು ತಿಳ್ಕೋಬೇಡಿ. ಒಂದೇ ಒಂದು ಹನಿ ಇಳಿದ್ರೂ ನಾವು ಮನೆ ಖಾಲಿ ಮಾಡ್ಬೇಕಾಗತ್ತೆ. ಇವಳ ಎದೆ ತಡ್ಕೊಳಲ್ಲ."

ಕಲ್ಯಾಣಮ್ಮ ಕೋಪಿಸಿಕೊಳ್ಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮಗುವಿನ ಮುಖವನ್ನೇ ಒಂದು ಗಳಿಗೆ ನೋಡಿ, "ಇವಳು ಮಲಗೋದು ಯಾವ ಮೂಲೇಲಿ?" ಎಂದು ಕೇಳಿದರು. ಆ ಮೂಲೆಯ ನೇರಕ್ಕಿದ್ದ ಪಾತಿಗೆ ನಲ್ಲಿಯ ಪೈಪು ಬಿಟ್ಟರು. ಮಣ್ಣು ಕುಡಿದು ಕುಡಿದು ಸಾಕಾಗಿ, ಮೂಲೆಯ ಪೈಪಿನಿಂದ ನೀರು ಹೊರಹರಿಯತೊಡಗಿದರೂ ನಲ್ಲಿ ನಿಲ್ಲಿಸಲಿಲ್ಲ. ಬಳಿಕ ಕಂಕುಳಲ್ಲಿ ಚಾಪೆ ಇರುಕಿಕೊಂಡು ಸೌಮ್ಯಶ್ರೀಯ ಮನೆಗೆ ಬಂದು, ಕೂಸಿನ ಹಾಸಿಗೆ ಸರಿಸಿ, ಜಾಕೆಟ್ಟನ್ನು ಮಡಚಿ ತಲೆಗಿಟ್ಟುಕೊಂಡು ಅಂಗಾತ ಮಲಗಿಯೇಬಿಟ್ಟರು.

"ಅಯ್ಯೋ ಆಂಟಿ, ಇದೇನಿದು!"

"ಬೀಳೋದಾದ್ರೆ ಮೊದಲು ನನ್ನ ಮುಖದ ಮೇಲೆ ಬೀಳ್ಲಿ. ನೀನು ಹೋಗಿ ಅನ್ನಕ್ಕಿಡು."

ಅಷ್ಟರಲ್ಲಿ ಮಳೆಯೂ ಸೇರಿಕೊಂಡಿತು. ಹೊರಗೆ ಗುಡುಗು, ಒಳಗೆ ಗೊರಕೆ. ಸೌಮ್ಯಶ್ರೀ ಹೊಸ್ತಿಲಲ್ಲಿ ಕೂತು ಕತ್ತು ನೋಯುವವರೆಗೂ ಸೂರನ್ನೇ ದಿಟ್ಟಿಸಿದಳು. ಸುಣ್ಣದ ಒಂದೊಂದು ಗೆರೆಯೂ ತೇವದ ಕಲೆಯಾಗಿ ಕಂಡು, ಮತ್ತೆ ಗೆರೆಯಾಗಿ, ಮತ್ತೆ ಕಲೆಯಾಯಿತು. ಕಣ್ಣುಜ್ಜಿಕೊಂಡು ತಲೆ ತಗ್ಗಿಸುವಷ್ಟರಲ್ಲಿ ಟಪ್ಪೆಂದು ಒಂದು ಹನಿ ಕಲ್ಯಾಣಮ್ಮನವರ ಮೇಲ್ದುಟಿಯ ಮೇಲೆ ಬಿತ್ತು. ಅವಳ ಬಾಯಿಂದ ಚೀತ್ಕಾರವೇ ಹೊರಟಿತು.

ಕಲ್ಯಾಣಮ್ಮ ಕಣ್ಣು ತೆರೆಯಲಿಲ್ಲ. ನಾಲಗೆ ಮಾತ್ರ ಹೊರಬಂದು ಹನಿಯನ್ನು ರುಚಿ ನೋಡಿತು.

"ಸಿಹಿ ಇದೆಯಲ್ಲೇ. ನನ್ನ ಮಣ್ಣಿಗೆ ನಾನು ಸಕ್ಕರೆ ಹಾಕಿಲ್ಲಮ್ಮ."

ತಲೆದೆಸೆಯಲ್ಲಿ ವಚನಾ ಮೂಸಂಬಿ ರಸದ ಲೋಟವನ್ನು ಓರೆ ಹಿಡಿದು, ಎರಡನೆಯ ಹನಿಗೆ ಸಿದ್ಧಳಾಗಿ ನಿಂತಿದ್ದಳು. ಸೌಮ್ಯಶ್ರೀ ನಕ್ಕಳು, ನಗುತ್ತ ನಗುತ್ತ ಅಳು ಬಂತು, ಅಳುತ್ತ ಮತ್ತೆ ನಗು.

ಆ ಮಳೆಗಾಲವಿಡೀ, ಮೋಡ ಕಪ್ಪಾದಾಗಲೆಲ್ಲ, ಯಾರೂ ಕರೆಯದಿದ್ದರೂ ಕಲ್ಯಾಣಮ್ಮನವರ ಚಾಪೆ ಮಹಡಿಗೆ ಬರುತ್ತಿತ್ತು. ಏನೂ ಹೊರದ ಪಕ್ಕದ ಮನೆಯ ತಾರಸಿ ಸೋರಿತು, ಎದುರುಮನೆಯ ಗೋಡೆ ಬೂಷ್ಟು ಹಿಡಿಯಿತು. ತೋಟ ಹೊತ್ತ ಈ ಸೂರು ಮಾತ್ರ ಹಪ್ಪಳದಂತೆ ಒಣಗಿಯೇ ನಿಂತಿತು. ವಚನಾಳ ಉಬ್ಬಸದ ಔಷಧಿ ಸೀಲು ಒಡೆಯದೆ ಕಪಾಟಿನಲ್ಲೇ ಉಳಿಯಿತು. ಶ್ರಾವಣ ಬರುವಷ್ಟರಲ್ಲಿ ದಂಟು ಮೊಣಕಾಲೆತ್ತರ ಬೆಳೆದು, ನೋಡಲು ಬಂದ ನೆರೆಯವರಿಂದ ಮೆಟ್ಟಿಲು ತುಂಬಿತು. "ಸೋರಲ್ವೇನ್ರೀ?" ಎಂದು ಅನುಮಾನಿಸಿದವರಿಗೆ ಕಲ್ಯಾಣಮ್ಮ ಬಾಯಿ ತೆರೆಯುವ ಮೊದಲೇ ಸೌಮ್ಯಶ್ರೀ ಎದೆಯುಬ್ಬಿಸಿ, "ಸೋರೋದಾ? ನಾವು ಮಳೇಲೇ ಪರೀಕ್ಷೆ ಮಾಡಿದೀವಿ!" ಎನ್ನುತ್ತಿದ್ದಳು. ಎಲ್ಲರೂ ಇಳಿದುಹೋದ ಮೇಲೆ ಮೆಲ್ಲಗೆ, "ಆಂಟಿ, ನಮ್ಮ ಕೋಣೆ ಮೇಲೆ ಇನ್ನೊಂದು ಪಾತಿಗೆ ಜಾಗ ಇದೆಯಲ್ವಾ? ಟೊಮೇಟೊ ಹಾಕೋಣ್ವಾ?" ಎಂದೂ ಕೇಳಿದಳು.

ಹೆದರಿದವರಿಗೆ ಹೆದರಬೇಡಿ ಎನ್ನುವ ಸಜ್ಜನರಿಗೆ ಈ ಊರಿನಲ್ಲಿ ಕೊರತೆಯಿಲ್ಲ. ಹೇಳಿ ತಮ್ಮ ಮನೆಗೆ ಹೋಗಿ ಅವರು ಬೆಚ್ಚಗೆ ಮಲಗುತ್ತಾರೆ. ಕಲ್ಯಾಣಮ್ಮನಂಥವರು ವಿರಳ. ತಮ್ಮ ಕೈಯಿಂದ ಕಟ್ಟಿದ್ದರ ಕೆಳಗೆ, ಇನ್ನೊಬ್ಬರ ಮಗು ಮಲಗುವ ಜಾಗದಲ್ಲಿ, ಮೊದಲು ತಾವು ಮಲಗಿ ನೋಡುತ್ತಾರೆ. ಮಲಗಿದವರು ನಿಶ್ಚಿಂತೆಯಿಂದ ಗೊರಕೆಯನ್ನೂ ಹೊಡೆಯುತ್ತಾರೆ. ಆ ಗೊರಕೆ ಕೇಳುತ್ತ ಕೇಳುತ್ತ, ಎಂಥ ಅಂಜುಬುರುಕರಿಗೂ ಕಣ್ಣು ಹತ್ತುತ್ತದೆ.