ತಡವಾಗಿ ಚಾಚಿದ ಕೈ

ಹಲ್ಲಿಲ್ಲದವರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವಳ ಕಸುಬು. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಅವಳು ಅದಕ್ಕೆ ಪ್ಲಾಸ್ಟರ್ ಹುಯ್ದು, ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲನ್ನು ಅದರಲ್ಲಿ ಕೂರಿಸುತ್ತಾಳೆ. ಕೂದಲೆಳೆಯಷ್ಟು ಆಚೀಚೆಯಾದರೂ ಹಾಕಿಕೊಂಡವರು ಊಟಕ್ಕೆ ಕೂತಾಗಲೆಲ್ಲ ಶಾಪ ಹಾಕುತ್ತಾರೆ. ಅವಳ ಕೈಯಿಂದ ಹೋದ ಸೆಟ್ಟು ವಾಪಸು ಬಂದದ್ದು ಅಪರೂಪ. ಹೊಸದಾಗಿ ಸೇರಿದವರಿಗೆ ಲ್ಯಾಬಿನ ಮಾಲೀಕರು ಅವಳ ಮೇಜು ತೋರಿಸಿ, “ಕೆಲಸ ಕಲೀಬೇಕಾ? ಆ ಕೈ ನೋಡಿ” ಎನ್ನುತ್ತಿದ್ದರು.

ಅಂಥವಳು ಐವತ್ತು ದಾಟಿದ ಮೇಲೆ ಕಂಪ್ಯೂಟರ್ ಆಟಕ್ಕೆ ಬಿದ್ದದ್ದು ನಾದಿನಿಯಿಂದಾಗಿ. ನಾದಿನಿ ಬೇರೆ ಊರಿನ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಳು. ತಲೆಯಲ್ಲಿ ಬಿಳಿ ಕೂದಲು ಬಂದಿದ್ದರೂ ಮನೆಯವರ ಬಾಯಲ್ಲಿ ಇನ್ನೂ ಪುಟ್ಟಿ. ಅತ್ತಿಗೆ ನಾದಿನಿಯರದು ಮೊದಲಿನಿಂದಲೂ ಅಷ್ಟಕ್ಕಷ್ಟೇ. ಒಬ್ಬಳು ಏತಿ ಅಂದರೆ ಇನ್ನೊಬ್ಬಳು ಪ್ರೇತಿ. ಫೋನಿನಲ್ಲಿ “ಊಟ ಆಯ್ತಾ?”, “ಆಯ್ತು” ಮುಗಿದ ಮೇಲೆ ಇಬ್ಬರಿಗೂ ಮಾತು ಸಿಗುತ್ತಿರಲಿಲ್ಲ. ಪುಟ್ಟಿ ಒಮ್ಮೆ ಕಾಲು ಮುರಿದುಕೊಂಡು ಮನೆಯಲ್ಲಿ ಕೂತಿದ್ದಾಗ ಬೇಜಾರು ಕಳೆಯಲು ಒಂದು ಆಟ ಕಲಿತಳು. ಅದನ್ನು ಇಬ್ಬರು ಜೊತೆಯಾಗಿಯೇ ಆಡಬೇಕಿತ್ತು. ಬೇರೆ ಯಾರೂ ಒಪ್ಪದಿದ್ದಾಗ ವಿಧಿಯಿಲ್ಲದೆ ಅತ್ತಿಗೆಯನ್ನು ಕೇಳಿದಳು. ಅತ್ತಿಗೆಯೂ ವಿಧಿಯಿಲ್ಲದೆ ಹೂಂ ಅಂದಳು.

ಆಟದಲ್ಲಿ ಒಂದು ಎತ್ತರದ ಗೋಪುರ. ಅದು ಕೆಳಗಿನಿಂದ ಕುಸಿಯುತ್ತ ಬರುತ್ತದೆ, ಆಟಗಾರರು ಮೇಲಕ್ಕೆ ಓಡಬೇಕು. ಮೆಟ್ಟಿಲು ಮುರಿದುಹೋದ ಕಡೆ ಒಬ್ಬರು ಜಿಗಿಯಬೇಕು, ಇನ್ನೊಬ್ಬರು ಸರಿಯಾದ ಕ್ಷಣಕ್ಕೆ ಗುಂಡಿ ಒತ್ತಿ ಕೈ ಚಾಚಿ ಹಿಡಿದುಕೊಳ್ಳಬೇಕು. ಎಲ್ಲೆಲ್ಲಿಯದೋ ಜೋಡಿಗಳು ಅದೇ ಗೋಪುರ ಏರುತ್ತಿರುತ್ತವೆ. ಮೊದಲು ತುದಿ ಮುಟ್ಟಿದವರು ಗೆದ್ದಂತೆ. ಪುಟ್ಟಿ ಜಿಗಿಯುವವಳು, ಅತ್ತಿಗೆ ಹಿಡಿಯುವವಳು. ಆಟ ಕಂಪ್ಯೂಟರಿನಲ್ಲಿ, ಮಾತು ಮಾತ್ರ ಫೋನಿನಲ್ಲಿ. “ಈಗ ಹಾರ್ತೀನಿ ಅತ್ತಿಗೆ, ಹಿಡೀರಿ!” “ಹಾರೇ, ನಾನಿದ್ದೀನಿ.” ಹೀಗೆ ಹಾರಿ, ಹಿಡಿದು, ನಡುನಡುವೆ ಉಸಿರು ಬಿಡುವಾಗ ಇಬ್ಬರೂ ಏನೇನೋ ಹೇಳಿಕೊಂಡರು. ಹಳೆಯ ಮುನಿಸುಗಳ ಮಾತೂ ಬಂತು, ನಗುವಿನಲ್ಲೇ ಹೋಯಿತು. ಪುಟ್ಟಿಯ ಕಾಲು ಎಂದೋ ವಾಸಿಯಾಯಿತು. ಸಂಜೆಯ ಆಟ ಮಾತ್ರ ನಿಲ್ಲಲಿಲ್ಲ.

ಆಮೇಲೆ ಒಂದು ಸಂಜೆ ಅವಳ ಕೈ ತಡವಾಯಿತು.

ಪುಟ್ಟಿ ಹಾರಿದಳು. ಅತ್ತಿಗೆ ಗುಂಡಿ ಒತ್ತಿದಳು. ಪರದೆಯ ಮೇಲಿನ ಕೈ ಚಾಚಿಕೊಂಡದ್ದು ಪುಟ್ಟಿ ಕೆಳಗೆ ಬಿದ್ದ ಮೇಲೆ. ಇರಲಿ, ಒಂದು ಸಲ ತಪ್ಪುತ್ತದೆ. ಮತ್ತೆ ಹಾಗೇ ಆಯಿತು. ಮಾರನೆಯ ಸಂಜೆಯೂ ಅದೇ. ಒಂದು ಹಿಡಿತ ಸಿಕ್ಕರೆ ಮೂರು ಜಾರುತ್ತಿದ್ದವು. ಮೊದಮೊದಲು ನಗುತ್ತಿದ್ದ ಪುಟ್ಟಿಗೂ ಬಿದ್ದು ಬಿದ್ದು ಸಾಕಾಯಿತು. “ಏನತ್ತಿಗೆ ಇದು, ಕೈಗೆ ಲಕ್ವ ಹೊಡೆದಿದೆಯಾ?” ಅಂದುಬಿಟ್ಟಳು.

ಎಲುಬಿಲ್ಲದ ನಾಲಿಗೆ, ಆಡಿಬಿಟ್ಟಿತು. ಅತ್ತಿಗೆ “ಇವತ್ತಿಗೆ ಸಾಕು ಕಣೇ” ಎಂದು ಫೋನಿಟ್ಟಳು. ಬಹಳ ಹೊತ್ತು ಎರಡೂ ಅಂಗೈಗಳನ್ನು ಮೇಜಿನ ಮೇಲೆ ಮಗುಚಿಟ್ಟುಕೊಂಡು ನೋಡುತ್ತ ಕೂತಳು.

ಅವಳ ಅಮ್ಮ ತೀರಿಕೊಂಡದ್ದು ನಡುಕದ ಕಾಯಿಲೆಯಿಂದ. ಆದರೆ ಅಮ್ಮನಿಗೆ ಮೊದಲು ಬಂದದ್ದು ನಡುಕವಲ್ಲ, ನಿಧಾನ. ಅಂಗಿಯ ಗುಂಡಿ ಹಾಕಲು ಹೊತ್ತು ಹಿಡಿಯುತ್ತಿತ್ತು. ಲೋಟ ಕೊಟ್ಟರೆ ಕೈ ಮುಂದೆ ಬರುವುದು ಒಂದು ಗಳಿಗೆ ತಡವಾಗುತ್ತಿತ್ತು. ವಯಸ್ಸಾಯಿತು ಅಂದುಕೊಂಡಿದ್ದರು ಎಲ್ಲರೂ. ಅಮ್ಮನಿಗೆ ಆಗ ಎಷ್ಟು ವಯಸ್ಸು ಎಂದು ಈಗ ಲೆಕ್ಕ ಹಾಕಿದರೆ, ಹೆಚ್ಚುಕಡಿಮೆ ತನ್ನದೇ.

ಹುಳ ತಲೆ ಹೊಕ್ಕ ಮೇಲೆ ಸುಮ್ಮನಿರುತ್ತದೆಯೇ? ಲ್ಯಾಬಿನಲ್ಲಿ ಅವಳು ಕೆಲಸ ನೋಡುವುದು ಬಿಟ್ಟು ಕೈ ನೋಡತೊಡಗಿದಳು. ನಡೆಯುವಾಗ ಕಾಲನ್ನೇ ನೋಡಿಕೊಂಡರೆ ಎಡವುವುದು ಖಂಡಿತ. ಕೈಗೂ ಹಾಗೇ ಆಯಿತು. ಮೇಣದ ಚಾಕು ಜಾರಿ ಕೂರಿಸಿದ್ದ ಹಲ್ಲೊಂದು ಟಣ್ಣೆಂದು ನೆಲಕ್ಕೆ ಬಿತ್ತು. ಪಕ್ಕದ ಮೇಜಿನವಳು ಬಗ್ಗಿ ಎತ್ತಿಕೊಟ್ಟಳು. “ಹಲ್ಲು ಉದುರೋ ವಯಸ್ಸು ಅಕ್ಕ, ಬಿಡಿ” ಎಂದು ನಕ್ಕಳು. ಅಕ್ಕ ನಗಲಿಲ್ಲ. ಊಟದ ಬಿಡುವಿನಲ್ಲಿ ಬಾಗಿಲಾಚೆ ಹೋಗಿ ನರರೋಗದ ಡಾಕ್ಟರಿಗೆ ಫೋನು ಮಾಡಿದಳು. ಮುಂದಿನ ಮಂಗಳವಾರ ಬನ್ನಿ ಅಂದರು.

ಗಂಡನಿಗೆ ಹೇಳಲಿಲ್ಲ. ಪುಟ್ಟಿ ಆಟಕ್ಕೆ ಕರೆದರೆ ಕೆಲಸ ಜಾಸ್ತಿ, ತಲೆನೋವು, ನೆಂಟರು ಬಂದಿದ್ದಾರೆ ಎಂದು ದಿನಕ್ಕೊಂದು ನೆಪ. ಕೊನೆಗೆ ಪುಟ್ಟಿಯೇ ಅಣ್ಣನಿಗೆ ಫೋನು ಮಾಡಿದಳು. “ಅತ್ತಿಗೆಗೆ ನನ್ನ ಮೇಲೆ ಕೋಪ ಬಂದಿದೆ ಅಣ್ಣ. ಏನೋ ಅಂದುಬಿಟ್ಟೆ. ನೀನಾದ್ರೂ ಕೇಳು.”

ಅಣ್ಣ ಲಿಫ್ಟ್ ರಿಪೇರಿ ಮಾಡುವವನು. ಮಾತು ಕಡಿಮೆ. ಆ ದಿನ ಅಡುಗೆಮನೆಯಲ್ಲಿ ಹೆಂಡತಿ ಪಾತ್ರೆ ಒರೆಸುತ್ತಿದ್ದಾಗ ಪಕ್ಕದಲ್ಲಿ ನಿಂತು ಒಂದೊಂದೇ ಪಾತ್ರೆ ತೆಗೆದು ಕಪಾಟಿನಲ್ಲಿ ಜೋಡಿಸುತ್ತ ಕೇಳಿದ, “ಪುಟ್ಟಿ ಜೊತೆ ಜಗಳವಾ?”

“ಇಲ್ಲಪ್ಪ.”

“ಮತ್ತೆ?”

ಅವಳು ಬಟ್ಟೆ ಕೆಳಗಿಟ್ಟಳು. “ರೀ, ನನಗೂ ಅಮ್ಮನ ಹಾಗೆ ಆಗ್ತಾ ಇದೆ.” ಅಷ್ಟು ಹೇಳಿದ್ದೇ ತಡ, ಹಿಡಿದಿಟ್ಟದ್ದೆಲ್ಲ ಬಂತು. ಆಟ, ತಡವಾಗುವ ಕೈ, ಬಿದ್ದ ಹಲ್ಲು, ಮಂಗಳವಾರ.

ಗಂಡ ಪೂರ್ತಿ ಕೇಳಿದ. ಆಮೇಲೆ ನಿಧಾನವಾಗಿ ಹೇಳಿದ, “ಗುಂಡಿ ಒತ್ತಿದ್ಮೇಲೆ ಲಿಫ್ಟ್ ತಡವಾಗಿ ಬಂತು ಅಂತ ಕರೀತಾರೆ. ನಾನು ಹೋಗಿ ಮೊದಲು ಒತ್ತಿದವರ ಬೆರಳು ನೋಡ್ತೀನೇನೆ?”

“ಅಮ್ಮ ಲಿಫ್ಟ್ ಆಗಿರ್ಲಿಲ್ಲ ರೀ.”

ಅವನು ಕೈಯಲ್ಲಿದ್ದ ಪಾತ್ರೆಯನ್ನು ಕಪಾಟಿನಲ್ಲಿಟ್ಟ. “ಡಾಕ್ಟರ ಹತ್ರ ನಾನೂ ಬರ್ತೀನಿ” ಅಂದ. “ಬೇಡ, ನೀವು ಬಂದ್ರೆ ನನಗೆ ಇನ್ನೂ ಹೆದರಿಕೆ” ಅಂದಳು. ಅವನು ಹಜಾರಕ್ಕೆ ಹೋಗಿ ತಂಗಿಗೆ ಫೋನು ಮಾಡಿದ.

ಭಾನುವಾರ ಬೆಳಿಗ್ಗೆ ಬಾಗಿಲ ಗಂಟೆ ಸದ್ದಾಯಿತು. ಹೆಗಲಿಗೆ ಲ್ಯಾಪ್‌ಟಾಪಿನ ಚೀಲ ಹಾಕಿಕೊಂಡು ಪುಟ್ಟಿ ನಿಂತಿದ್ದಳು. ಚಪ್ಪಲಿ ಬಿಡುವ ಮೊದಲೇ ಅತ್ತಿಗೆಯ ಎರಡೂ ಕೈ ಹಿಡಿದುಕೊಂಡಳು. “ನನ್ನ ಬಾಯಿಗೆ ಬೀಗ ಹಾಕ್ಬೇಕು ಅತ್ತಿಗೆ. ನಿಮ್ಮಮ್ಮನ ವಿಷಯ ಗೊತ್ತಿದ್ದೂ ಹಾಗಂದೆನಲ್ಲ.”

“ಒಳಗೆ ಬಾರೇ ಮೊದಲು. ಕಾಫಿ ಕುಡಿ.”

“ಕಾಫಿ ಆಮೇಲೆ. ಕೂತ್ಕೊಳ್ಳಿ ಇಲ್ಲಿ.”

ಪುಟ್ಟಿ ತನ್ನ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು, ಅದಕ್ಕೆ ತನ್ನ ಮೊಬೈಲಿನ ಇಂಟರ್ನೆಟ್ ಕೊಟ್ಟು, ಅತ್ತಿಗೆಯನ್ನು ಅದರ ಮುಂದೆ ಕೂರಿಸಿದಳು. ಆಟದಲ್ಲಿ ಅಭ್ಯಾಸಕ್ಕೆಂದೇ ಒಂದು ಪುಟ್ಟ ಗೋಪುರವಿತ್ತು, ಅಲ್ಲಿ ಹಾರುವ ಜೊತೆಗಾರನನ್ನು ಆಟವೇ ಒದಗಿಸುತ್ತಿತ್ತು. “ಹಿಡೀರಿ ನೋಡೋಣ.” ಅತ್ತಿಗೆ ಬೆರಳಿಟ್ಟಳು. ಜೊತೆಗಾರ ಹಾರಿದ. ಕೈ ಚಾಚಿತು, ಹಿಡಿಯಿತು. ಮತ್ತೆ ಹಾರಿದ. ಮತ್ತೆ ಹಿಡಿಯಿತು. ಅತ್ತಿಗೆ ಆಡುತ್ತಲೇ ಹೋದಳು. ಒಂದೂ ಜಾರಲಿಲ್ಲ.

“ಈಗ ನಿಮ್ಮ ಕಂಪ್ಯೂಟರಿಗೆ ಬನ್ನಿ.”

ಮಲಗುವ ಕೋಣೆಯ ಮೂಲೆಯ ಕಂಪ್ಯೂಟರಿನಲ್ಲಿ ಅದೇ ಗೋಪುರ, ಅದೇ ಜೊತೆಗಾರ. ಹಾರಿದ, ಬಿದ್ದ. ಹಾರಿದ, ಬಿದ್ದ.

“ಕೈ ಅದೇ, ಆಟ ಅದೇ” ಅಂದಳು ಪುಟ್ಟಿ. “ಬದಲಾಗಿದ್ದು ಈ ಪೆಟ್ಟಿಗೆ. ರೋಗ ಇದಕ್ಕೆ ಬಂದಿರೋದು, ನಿಮಗಲ್ಲ.”

ಅತ್ತಿಗೆ ಕುರ್ಚಿಗೆ ಒರಗಿದಳು. ನಂಬಲು ಇನ್ನೂ ಧೈರ್ಯ ಸಾಲದು. “ಅದು ಹೇಗೆ ಹೇಳ್ತೀಯ?”

ಪುಟ್ಟಿ ಆಟದ ಸೆಟ್ಟಿಂಗ್ಸಿಗೆ ಹೋಗಿ ಏನೋ ಒತ್ತಿದಳು. ಪರದೆಯ ಮೇಲಿನ ಮೂಲೆಯಲ್ಲಿ ಕೆಂಪಗೆ ಒಂದು ಸಂಖ್ಯೆ ಮೂಡಿತು. “ಇದಕ್ಕೆ ಪಿಂಗ್ ಅಂತಾರೆ. ನೀವು ಒತ್ತಿದ್ದು ಇಲ್ಲಿಂದ ಹೊರಟು, ದೂರದಲ್ಲಿರೋ ಆಟದ ಕಂಪ್ಯೂಟರನ್ನ ಮುಟ್ಟಿ, ಉತ್ತರ ತಗೊಂಡು ಬರೋಕೆ ಎಷ್ಟು ಹೊತ್ತು ಅಂತ, ಸೆಕೆಂಡನ್ನ ಸಾವಿರ ಪಾಲು ಮಾಡಿ ಲೆಕ್ಕ ಹಾಕೋದು. ನಲವತ್ತು ಐವತ್ತು ಇದ್ರೆ ಗೊತ್ತೇ ಆಗಲ್ಲ. ಇಲ್ಲಿ ನೋಡಿ, ಮುನ್ನೂರು, ನಾನೂರು. ಅಂಚೆಯಣ್ಣ ಊರು ಸುತ್ಕೊಂಡು ಬರ್ತಿದ್ದಾನೆ.”

“ಯಾಕೆ?”

“ಅದನ್ನೇ ಹುಡುಕಬೇಕು.” ಯಾವ ಯಾವ ಪ್ರೋಗ್ರಾಂ ಇಂಟರ್ನೆಟ್ ಬಳಸುತ್ತಿದೆ ಎಂದು ತೋರಿಸುವ ಕಿಟಕಿಯೊಂದನ್ನು ಪುಟ್ಟಿ ತೆರೆದಳು. ಎಲ್ಲಕ್ಕಿಂತ ಮೇಲೆ ಕೂತಿದ್ದ ಒಂದು ಪ್ರೋಗ್ರಾಂ ಎಡೆಬಿಡದೆ ವಿಡಿಯೋಗಳನ್ನು ಹೊರಗೆ ಕಳಿಸುತ್ತಿತ್ತು. “ಅತ್ತಿಗೆ, ಇಷ್ಟೊಂದು ವಿಡಿಯೋ ಅಪ್‌ಲೋಡ್ ಮಾಡ್ತಿರೋದು ಯಾರು?”

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಣ್ಣ ಗಂಟಲು ಸರಿಮಾಡಿಕೊಂಡ. “ಅದು... ನಂದು.”

ಇಬ್ಬರೂ ತಿರುಗಿದರು.

“ಹೊಸ ಮೆಕ್ಯಾನಿಕ್ಕುಗಳಿಗೆ ಪಾಠ ಹೇಳೋಕೆ ಅಂತ. ಯಾವ ಲಿಫ್ಟು ಕೆಟ್ಟಾಗ ಹೇಗೆ ಸದ್ದು ಮಾಡುತ್ತೆ ಅಂತ ವರ್ಷಗಟ್ಟಲೆ ಮೊಬೈಲಲ್ಲಿ ತೆಗೆದಿದ್ದೆ. ಎಲ್ಲಾ ಒಂದು ಕಡೆ ಹಾಕಿಡೋಣ ಅಂತ ಆಫೀಸಿನವರು ಈಚೆಗೆ ಹೇಳಿದ್ರು. ಎಲ್ಲಾ ಈ ಕಂಪ್ಯೂಟರಿಗೆ ತುಂಬಿಸಿದೆ, ಆನ್ ಮಾಡಿದ ಕೂಡ್ಲೇ ತಾನೇ ಕಳಿಸುತ್ತೆ.”

ಪುಟ್ಟಿ ಮೊದಲು ಬಾಯಿ ಮುಚ್ಚಿಕೊಂಡಳು. ಆಮೇಲೆ ತಡೆಯಲಾಗಲಿಲ್ಲ. “ನಾವಿಲ್ಲಿ ಗೋಪುರ ಹತ್ತೋಕಾಗದೆ ದಬದಬ ಬೀಳ್ತಾ ಇದ್ರೆ, ನೀನು ಲಿಫ್ಟು ಕಳಿಸ್ತಾ ಇದ್ದೆಯಾ ಅಣ್ಣ!”

ಅತ್ತಿಗೆಗೂ ನಗು ಬಂತು. ಎಷ್ಟು ಬಂತೆಂದರೆ ಕಣ್ಣಲ್ಲಿ ನೀರು. ಗಂಡ ಮಾತ್ರ ಪೆಚ್ಚಾಗಿ ನಿಂತಿದ್ದ. “ಗೊತ್ತಿರ್ಲಿಲ್ಲ ಕಣೇ” ಎಂದು ಹೆಂಡತಿಗೆ ಹೇಳಿದ.

ಅಪ್‌ಲೋಡ್ ನಿಲ್ಲಿಸಿದ ಕೂಡಲೇ ಸಂಖ್ಯೆ ಅರ್ಧಕ್ಕರ್ಧ ಇಳಿಯಿತು. ಆದರೂ ಆಗಾಗ ಚಿಮ್ಮುತ್ತಿತ್ತು. ಕರೆಂಟು ಉಳಿಸಲೆಂದು ಕಂಪ್ಯೂಟರು ವೈಫೈ ಕಾರ್ಡನ್ನು ನಡುನಡುವೆ ತೂಕಡಿಸಲು ಬಿಡುತ್ತಿದ್ದುದು ಸೆಟ್ಟಿಂಗ್ಸಿನಲ್ಲಿ ಸಿಕ್ಕಿತು. ಅದನ್ನು ತೆಗೆದರು. “ವೈಫೈ ಡಬ್ಬ ಎಲ್ಲಿ?” ಎಂದು ಹುಡುಕಿದರೆ, ಅದರ ದೀಪ ಮಿಣಮಿಣ ಎನ್ನುತ್ತದೆಂದು ಅಣ್ಣ ಅದನ್ನು ಚಪ್ಪಲಿ ಗೂಡಿನೊಳಗೆ ಇಟ್ಟಿದ್ದ. ತಂಗಿ ಅಣ್ಣನ ಮುಖವನ್ನೇ ನೋಡಿದಳು. “ಸರಿ ಸರಿ” ಎಂದು ಅವನೇ ಪೇಟೆಗೆ ಹೋಗಿ ಉದ್ದನೆಯ ನೆಟ್‌ವರ್ಕ್ ಕೇಬಲ್ ತಂದ. ಗೋಡೆಯ ಬುಡದುದ್ದಕ್ಕೂ ಕ್ಲಿಪ್ಪು ಬಡಿದು, ಕಾಲಿಗೆ ಸಿಗದ ಹಾಗೆ ಅಚ್ಚುಕಟ್ಟಾಗಿ ಎಳೆದ. ಆ ಕೆಲಸದಲ್ಲಿ ಅವನನ್ನು ಯಾರೂ ಹಳಿಯುವಂತಿರಲಿಲ್ಲ.

ಎಲ್ಲವೂ ಒಂದೇ ಏಟಿಗೆ ಸರಿಹೋಗಲಿಲ್ಲ. ಪುಟ್ಟಿ ಎಲ್ಲೋ ಓದಿದ್ದೆಂದು ಇನ್ನೇನೋ ಬದಲಾಯಿಸಿದಾಗ ಇಂಟರ್ನೆಟ್ಟೇ ಹೋಯಿತು. ಅದನ್ನು ವಾಪಸು ತರುವಷ್ಟರಲ್ಲಿ ಮಧ್ಯಾಹ್ನದ ಊಟ ಆರಿಹೋಯಿತು. “ಗೊತ್ತಿಲ್ಲದ್ದಕ್ಕೆ ಕೈ ಹಾಕ್ಬಾರ್ದು” ಎಂದು ಅಣ್ಣ ಸಿಕ್ಕಿದ ಅವಕಾಶ ಬಿಡಲಿಲ್ಲ. ಕೊನೆಗೆ ಚಿತ್ರದ ಸೆಟ್ಟಿಂಗು. ಪರದೆಯ ಜೊತೆ ಹೊಂದಿಸಿಕೊಳ್ಳಲು ಆಟ ಪ್ರತಿ ಚಿತ್ರವನ್ನೂ ಒಂದಿಷ್ಟು ತಡೆದು ತೋರಿಸುತ್ತಿತ್ತು. ಅದನ್ನು ನಿಲ್ಲಿಸಿದರು, ನೆರಳು, ಹೊಗೆ ಮುಂತಾದ ಅಲಂಕಾರ ತಗ್ಗಿಸಿದರು. ಗೋಪುರ ಮೊದಲಿನಷ್ಟು ಚೆಂದ ಕಾಣಲಿಲ್ಲ. ಮೂಲೆಯ ಸಂಖ್ಯೆ ಮಾತ್ರ ಹಸಿರಾಗಿ, ಮೂವತ್ತರ ಆಸುಪಾಸಿನಲ್ಲಿ ನೆಟ್ಟಗೆ ನಿಂತಿತು.

ಪುಟ್ಟಿ ಊಟದ ಮೇಜಿಗೆ ಹೋಗಿ ತನ್ನ ಲ್ಯಾಪ್‌ಟಾಪಿನ ಮುಂದೆ ಕೂತಳು. ಅತ್ತಿಗೆ ಕೋಣೆಯಲ್ಲಿ. ಈ ಸಲ ಫೋನು ಬೇಕಿರಲಿಲ್ಲ, ಕೂಗಿದರೆ ಸಾಕು.

“ಹಾರ್ಲಾ ಅತ್ತಿಗೆ?”

“ಹಾರೇ!”

ಒತ್ತಿದ ಕ್ಷಣವೇ ಕೈ ಚಾಚಿತು. ಹಿಡಿಯಿತು. ಇನ್ನೊಂದು ಜಿಗಿತ, ಅದೂ ಸಿಕ್ಕಿತು. ಕೆಳಗೆ ಗೋಪುರ ಕುಸಿಯುತ್ತಲೇ ಇತ್ತು, ಅವರು ಏರುತ್ತಲೇ ಇದ್ದರು. ಅರ್ಧ ದಾರಿಯಲ್ಲಿ ಅತ್ತಿಗೆ ಕೀಲಿಮಣೆಯಿಂದ ಕೈ ತೆಗೆದು ಮುಖ ಮುಚ್ಚಿಕೊಂಡಳು. ಹಜಾರದಿಂದ “ಅಯ್ಯೋ ಬಿದ್ದೆ! ಏನಾಯ್ತು?” ಎಂದು ಪುಟ್ಟಿ ಓಡಿಬಂದರೆ, ಅವಳು ಬಿಕ್ಕುತ್ತ, “ನಾನಲ್ಲ ಕಣೇ, ನಾನಲ್ಲ” ಅನ್ನುತ್ತಿದ್ದಳು. ಪುಟ್ಟಿ ಕುರ್ಚಿಯ ಹಿಂದಿನಿಂದ ಅಪ್ಪಿಕೊಂಡಳು.

ಮಂಗಳವಾರ ಡಾಕ್ಟರನ್ನು ನೋಡುವುದು ಬಿಡಲಿಲ್ಲ. ಕಂಪ್ಯೂಟರಿನ ತಪ್ಪು ಸಿಕ್ಕಿತು ನಿಜ, ಆದರೆ ಒಳಗೆ ಉಳಿದ ಒಂದೆಳೆ ಅನುಮಾನಕ್ಕೆ ಬೇರೆಯವರೇ ಉತ್ತರ ಹೇಳಬೇಕಿತ್ತು. ವಯಸ್ಸಾದ ಡಾಕ್ಟರು ಅಮ್ಮನ ವಿಷಯವೆಲ್ಲ ಕೇಳಿದರು. ಹೆಬ್ಬೆರಳಿಗೆ ತೋರುಬೆರಳು ಬೇಗ ಬೇಗ ತಟ್ಟಿಸಿದರು, ಮುಷ್ಟಿ ಬಿಚ್ಚಿಸಿ ಮುಚ್ಚಿಸಿದರು, ಕೋಣೆಯ ಉದ್ದಕ್ಕೂ ನಡೆಸಿದರು, ಮಣಿಕಟ್ಟು ಹಿಡಿದು ತಿರುಗಿಸಿದರು. ಆಮೇಲೆ ನಕ್ಕರು. “ಏನೂ ಇಲ್ಲಮ್ಮ. ಈ ವಯಸ್ಸಲ್ಲಿ ಇಷ್ಟು ಚುರುಕು ಕೈ ನಾನು ನೋಡೋದು ಕಡಿಮೆ. ಮನೆಯಲ್ಲಿ ಒಬ್ಬರಿಗೆ ಬಂತು ಅಂತ ಎಲ್ಲರಿಗೂ ಬರಲ್ಲ. ಬೇಕಾದ್ರೆ ವರ್ಷಕ್ಕೊಂದು ಸಲ ಬಂದು ತೋರಿಸ್ಕೊಂಡು ಹೋಗಿ, ನಿಮ್ಮ ಸಮಾಧಾನಕ್ಕೆ.”

ಅವರು ನಗುವಾಗ ಮೇಲಿನ ಸೆಟ್ಟು ಎಡಗಡೆ ಕೊಂಚ ಜಗ್ಗಿದ್ದು ಅವಳ ಕಣ್ಣಿಗೆ ಬಿತ್ತು. ನಾಲಿಗೆ ತುದಿಗೆ ಬಂದದ್ದನ್ನು ನುಂಗಲಾಗಲಿಲ್ಲ. “ಡಾಕ್ಟ್ರೇ, ಎಡಗಡೆ ಒತ್ತುತ್ತಾ?”

ಡಾಕ್ಟರು ಕೆನ್ನೆ ಮುಟ್ಟಿಕೊಂಡರು. “ಆರು ತಿಂಗಳಿಂದ ಒತ್ತುತ್ತೆ! ನಿಮಗೆ ಹೇಗೆ ಗೊತ್ತಾಯ್ತು?”

ಲ್ಯಾಬಿನ ವಿಳಾಸ ಬರೆದುಕೊಟ್ಟು ಹೊರಬಂದಳು. ಮೆಟ್ಟಿಲಿಳಿಯುತ್ತ ಗಂಡನಿಗೆ ಫೋನು ಮಾಡಿ, “ಏನೂ ಇಲ್ವಂತೆ ರೀ” ಅಂದಳು. ಆ ಕಡೆಯಿಂದ ಮೂಗು ಸೀಟಿದ ಸದ್ದು ಕೇಳಿಸಿತು. “ಧೂಳು ಇಲ್ಲಿ” ಅಂದ ಅವನು.

ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಎಳೆಬಿಸಿಲು, ತಣ್ಣನೆ ಗಾಳಿ. ಎಷ್ಟೋ ರಾತ್ರಿಗಳ ನಿದ್ದೆ ಬಾಕಿಯಿತ್ತೇನೋ, ತಲೆ ತಾನಾಗಿ ಗಾಜಿಗೆ ಒರಗಿತು. ಕಂಡಕ್ಟರು ಭುಜ ತಟ್ಟಿ ಎಬ್ಬಿಸಿದಾಗ ಬಸ್ಸು ಖಾಲಿ.

“ಅಮ್ಮಾ, ಕೊನೇ ಸ್ಟಾಪು. ನೀವು ಎಲ್ಲಿ ಇಳೀಬೇಕಿತ್ತು?”

ಅವಳು ಹೊರಗೆ ನೋಡಿದಳು. ತನ್ನ ಸ್ಟಾಪು ಯಾವಾಗಲೋ ಹಿಂದೆ ಹೋಗಿತ್ತು. ಎದುರಿಗೆ ಒಂದು ಗುರುತಿಲ್ಲದ ಬೀದಿ, ಒಂದು ಸೈಕಲ್ ಅಂಗಡಿ, ನೆರಳಿರುವ ಒಂದು ಮರ.

“ಪರವಾಗಿಲ್ಲಪ್ಪ,” ಎಂದು ಚೀಲ ಎತ್ತಿಕೊಂಡಳು, “ಇಲ್ಲೇ ಇಳೀತೀನಿ. ಒಂದಿಷ್ಟು ನಡೆದರಾಯ್ತು.”